ಟೀಚರ್ ಪಾಸ್‌ವರ್ಡ್ ಹಾಕಿ ಮಗ ಅಂಕ ನೋಡಿದ್ದಾನೆ, ಶಾಲೆಯವರು ಪೊಲೀಸ್ ಅನ್ನುತ್ತಿದ್ದಾರೆ

ಸೆಂಟ್ರಲ್ ಲೈನ್ ಅಮ್ಮ · ಶುಕ್ರವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಶಾಲೆಯ ಹೆಸರು ಬರೆಯುವುದಿಲ್ಲ. ಮುಂಬೈಯ ಸೆಂಟ್ರಲ್ ಲೈನ್ ಕಡೆ ಇದ್ದೇವೆ, ಅಷ್ಟು ಸಾಕು. ಮಗನಿಗೆ 13 ವರ್ಷ, 8ನೇ ಕ್ಲಾಸ್.

ಲ್ಯಾಬ್‌ನಲ್ಲಿ ಟೀಚರ್ ಕೂರುವ ಕಂಪ್ಯೂಟರಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿತ್ತಂತೆ. ಅದರಲ್ಲಿ ಶಾಲೆಯ ಆ್ಯಪಿನ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಇತ್ತು. ಇವನು ಅದನ್ನು ನೆನಪಿಟ್ಟುಕೊಂಡು, ಮನೆಗೆ ಬಂದು ನನ್ನ ಫೋನಿನಲ್ಲಿ ಹಾಕಿದ್ದಾನೆ. ಯೂನಿಟ್ ಟೆಸ್ಟಿನ ಅಂಕ ಇನ್ನೂ ಹೇಳಿರಲಿಲ್ಲ. ಇಡೀ ಕ್ಲಾಸಿನ ಪಟ್ಟಿ ತೆರೆದುಕೊಂಡಿದೆ. ಸ್ಕ್ರೀನ್‌ಶಾಟ್ ತೆಗೆದು ಹುಡುಗರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದಾನೆ. ಒಂದು ಅಂಕವನ್ನೂ ತಿದ್ದಿಲ್ಲ. ಅದನ್ನು ಶಾಲೆಯವರೂ ಒಪ್ಪುತ್ತಾರೆ.

ನಿನ್ನೆ ನಮ್ಮನ್ನು ಕರೆಸಿ ಒಂದು ಪತ್ರ ಮುಂದಿಟ್ಟರು. ಮಗ ಹ್ಯಾಕಿಂಗ್ ಮಾಡಿದ್ದಾನೆ, ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ 66, 66ಎ, 66ಸಿ ಪ್ರಕಾರ ಅಪರಾಧ, 3 ವರ್ಷ ಜೈಲು ಅಂತ ಬರೆದಿದೆ. ಮಂಗಳವಾರದೊಳಗೆ ಟಿಸಿ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಪೊಲೀಸರಿಗೆ ಕೊಡುತ್ತೇವೆ ಅಂದರು. ಸಹಿ ಕೇಳಿದರು. ನಾನು ಮಾಡಿಲ್ಲ.

ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ಬಾಗಿಲು ತಟ್ಟಿದ ಶಬ್ದ ಆದರೆ ಒಳಗಿನ ಕೋಣೆಗೆ ಹೋಗುತ್ತಾನೆ. ಅವನು ಮಾಡಿದ್ದು ತಪ್ಪು, ಇಲ್ಲ ಅನ್ನುತ್ತಿಲ್ಲ. ಆದರೆ ಇದು ಜೈಲಿಗೆ ಕಳಿಸುವ ತಪ್ಪಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುರ್ಲಾ ಹೋಟೆಲಿನವ · ಶುಕ್ರವಾರ ರಾತ್ರಿ 11:05

ಅಕ್ಕಾ, ಸಹಿ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಆದರೆ ಹುಷಾರು. ಪಾಲ್ಘರ್‌ನಲ್ಲಿ 2012ರಲ್ಲಿ ಫೇಸ್‌ಬುಕ್‌ನಲ್ಲಿ ಏನೋ ಬರೆದರು ಅಂತ ಇಬ್ಬರು ಹುಡುಗಿಯರನ್ನು ಹಿಡಿದಿದ್ದರಲ್ಲ. ಆಗ ನಮ್ಮ ಹೋಟೆಲಿನ ಹುಡುಗರೆಲ್ಲ ಹೆದರಿ ಫೋನ್ ಮುಟ್ಟುತ್ತಿರಲಿಲ್ಲ. ಈ ಕಂಪ್ಯೂಟರ್ ಕೇಸಿನಲ್ಲಿ ಯಾವಾಗ ಏನಾಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ ಮಾರಾಯ್ರೆ.

ಶಿವಾಜಿನಗರ ವಕೀಲ · ಶನಿವಾರ ಬೆಳಿಗ್ಗೆ 6:50

ಮೇಡಂ, ಮೊದಲು ಒಂದು ಮಾತು. ಮಗುವಿನ ಬಗ್ಗೆ ಇದಕ್ಕಿಂತ ಜಾಸ್ತಿ ವಿವರ ಇಲ್ಲಿ ಹಾಕಬೇಡಿ. ಆ ಪತ್ರದ ಫೋಟೋ ಕೂಡ ಬೇಡ. ನಾನು ಪುಣೆಯಲ್ಲಿ ವಕೀಲಿ ಮಾಡುತ್ತೇನೆ. ಇಲ್ಲಿ ಬರೆಯುವುದು ತಿಳಿವಳಿಕೆಗೆ ಮಾತ್ರ. ನಿಮ್ಮ ಕಡೆಯ ಒಬ್ಬ ವಕೀಲರಿಗೆ ಪತ್ರ ತೋರಿಸಲೇಬೇಕು.

ಒಂದೊಂದಾಗಿ ಹೇಳುತ್ತೇನೆ.

66ಎ ಅನ್ನುವ ಕಲಮು ಈಗ ಇಲ್ಲ. ಕುರ್ಲಾದ ಅಣ್ಣ ಹೇಳಿದ ಪಾಲ್ಘರ್ ಪ್ರಕರಣದ ನಂತರ ಅದನ್ನು ಪ್ರಶ್ನಿಸಿ ಅರ್ಜಿ ಹೋಯಿತು. ಶ್ರೇಯಾ ಸಿಂಘಾಲ್ ಪ್ರಕರಣ ಅಂತ ಅದರ ಹೆಸರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಪೂರ್ತಿ ರದ್ದು ಮಾಡಿತು. ಅದು ಇದ್ದದ್ದೂ ಮೆಸೇಜು, ಪೋಸ್ಟುಗಳ ಬಗ್ಗೆ. ಅಂಕ ನೋಡುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ರದ್ದಾದ ಕಲಮನ್ನು ತೋರಿಸಿ 13 ವರ್ಷದ ಮಗುವನ್ನು ಹೆದರಿಸಿದ್ದಾರೆ ಅಂದರೆ ಪತ್ರ ಬರೆದವರು ಕಾಯ್ದೆ ತೆರೆದು ನೋಡಿಲ್ಲ.

ಇನ್ನು 66. ಅದನ್ನು ಓದಬೇಕಾದರೆ ಮೊದಲು 43 ಓದಬೇಕು. ಮಾಲೀಕರ ಅಥವಾ ಕಂಪ್ಯೂಟರಿನ ಹೊಣೆ ಹೊತ್ತವರ ಅನುಮತಿ ಇಲ್ಲದೆ ಒಳಗೆ ಹೋದರೆ, ಮಾಹಿತಿ ನಕಲು ಮಾಡಿದರೆ, ಅಳಿಸಿದರೆ, ವೈರಸ್ ಬಿಟ್ಟರೆ, ಬೇರೆಯವರಿಗೆ ಸಿಗದ ಹಾಗೆ ಮಾಡಿದರೆ ನಷ್ಟ ತುಂಬಿಕೊಡಬೇಕು ಅಂತ 43 ಹೇಳುತ್ತದೆ. ಅಲ್ಲಿಗೆ ಅದು ಪರಿಹಾರದ ವಿಷಯ. ಜೈಲಿನ ಮಾತಿಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದಾಗ ಮಾತ್ರ 66 ಬರುತ್ತದೆ. 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಪ್ರಾಮಾಣಿಕ ಅನ್ನುವುದಕ್ಕೆ ಕಾನೂನಿನಲ್ಲಿ ನಿರ್ದಿಷ್ಟ ಅರ್ಥ ಇದೆ. ಒಬ್ಬರಿಗೆ ಅನ್ಯಾಯದ ಲಾಭ, ಇಲ್ಲವೇ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡುವ ಉದ್ದೇಶ ಇರಬೇಕು. ಮೊದಲೇ ಅಂಕ ನೋಡುವ ಆತುರ ಅದರಲ್ಲಿ ಬರುತ್ತದೆ ಅಂತ ಸಾಧಿಸುವುದು ಸುಲಭ ಅಲ್ಲ.

ಇನ್ನೊಂದು ವಿಷಯ. 2000ದ ಮೂಲ ಕಾಯ್ದೆಯಲ್ಲಿ 66ನೇ ಕಲಮಿನ ತಲೆಬರಹದಲ್ಲಿ ಹ್ಯಾಕಿಂಗ್ ಅನ್ನುವ ಪದ ಇತ್ತು. 2008ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ತಿದ್ದುಪಡಿ 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ.

66ಸಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು ಅದರಲ್ಲಿ ಬರುತ್ತದೆ. ಅಲ್ಲೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಉದ್ದೇಶದ ಪ್ರಶ್ನೆ ಅಲ್ಲೂ ಇದೆ, ನಿಜ. ಆದರೆ ಟೀಚರ್ ಪಾಸ್‌ವರ್ಡ್ ಹಾಕಿದ್ದು ಸತ್ಯ ತಾನೇ. ಏನೂ ಆಗಿಲ್ಲ ಅಂತ ವಾದ ಮಾಡಲು ಹೋಗಬೇಡಿ.

ಶಿವಾಜಿನಗರ ವಕೀಲ · ಶನಿವಾರ ಬೆಳಿಗ್ಗೆ 7:15

ಮಕ್ಕಳ ಕಾನೂನಿನ ಮಾತು ಬಿಟ್ಟುಹೋಯಿತು. ಮಗನಿಗೆ ಇವತ್ತೇ ಇದನ್ನು ಹೇಳಿ.

18 ವರ್ಷದೊಳಗಿನವರಿಗೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಹೆಚ್ಚೆಂದರೆ 3 ವರ್ಷ ಶಿಕ್ಷೆ ಇರುವ ಅಪರಾಧ ಅಲ್ಲಿ ಸಣ್ಣ ಅಪರಾಧದ ಗುಂಪಿಗೆ ಸೇರುತ್ತದೆ. 66, 66ಸಿ ಎರಡೂ ಅದರೊಳಗೇ ಬರುತ್ತವೆ. ಇಂಥದ್ದರಲ್ಲಿ ಮಗುವಿನ ಮೇಲೆ ಪೊಲೀಸರು ಎಫ್‌ಐಆರ್ ಹಾಕುವ ಹಾಗಿಲ್ಲ ಅಂತ 2016ರ ಮಾದರಿ ನಿಯಮ ಹೇಳುತ್ತದೆ. ತೀರಾ ಘೋರ ಅಪರಾಧ ಆಗಿರಬೇಕು, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿರಬೇಕು. ಇಲ್ಲದಿದ್ದರೆ ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಮಾಡಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಕೈಗೆ ಕೋಳ ಹಾಕುವಂತಿಲ್ಲ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು ಇರುತ್ತಾರೆ. ಬುದ್ಧಿ ಹೇಳಿ ಕಳಿಸುವುದು, ಕೌನ್ಸೆಲಿಂಗ್, ಸಮಾಜ ಸೇವೆ, ಇಂಥ ಆದೇಶ ಕೊಡುವ ಅಧಿಕಾರ ಅವರಿಗಿದೆ.

ಯಾರೂ ರಾತ್ರಿ ಬಂದು ಬಾಗಿಲು ತಟ್ಟಿ ಅವನನ್ನು ಜೈಲಿಗೆ ಒಯ್ಯುವುದಿಲ್ಲ. ಅವನಿಗೆ ಮೊದಲು ಇದು ಗೊತ್ತಾಗಲಿ.

ಸೆಂಟ್ರಲ್ ಲೈನ್ ಅಮ್ಮ · ಶನಿವಾರ ಬೆಳಿಗ್ಗೆ 7:40

ವಕೀಲರೇ, ಈಗಷ್ಟೇ ಓದಿ ಹೇಳಿದೆ. ಎರಡು ಸಲ ಓದಿಸಿದ. ಆಮೇಲೆ ಎರಡು ದೋಸೆ ತಿಂದ. ನಿಮಗೆ ಹೇಗೆ ಋಣ ತೀರಿಸಲಿ ಗೊತ್ತಿಲ್ಲ.

ಠಾಣೆ ಲ್ಯಾಬ್ ಟೀಚರ್ · ಶನಿವಾರ ಬೆಳಿಗ್ಗೆ 9:30

ನಾನು 19 ವರ್ಷದಿಂದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೇನೆ. ಅಮ್ಮನ ಸಂಕಟ ಅರ್ಥವಾಗುತ್ತದೆ. ಆದರೆ ಟೀಚರ್ ಕಡೆಯದ್ದೂ ಕೇಳಿ.

ಚೀಟಿ ಅಂಟಿಸಿದ್ದು ತಪ್ಪು, ಒಪ್ಪುತ್ತೇನೆ. ಯಾಕೆ ಅಂಟಿಸುತ್ತೇವೆ ಹೇಳಲಾ? ಒಂದು ಆ್ಯಪಿಗೆ ಒಂದು ಪಾಸ್‌ವರ್ಡ್, ಸರ್ಕಾರದ ಪೋರ್ಟಲಿಗೆ ಇನ್ನೊಂದು, ಬೋರ್ಡಿನದು ಮತ್ತೊಂದು. ಎಷ್ಟೋ ಕಡೆ ಐದಾರು ಟೀಚರ್‌ಗಳಿಗೆ ಸೇರಿ ಒಂದೇ ಲಾಗಿನ್ ಕೊಟ್ಟಿರುತ್ತಾರೆ. ನಾನು ರಜೆಯಲ್ಲಿದ್ದರೆ ಇನ್ನೊಬ್ಬರಿಗೆ ಬೇಕಾಗುತ್ತದೆ. ಹಾಗಾಗಿ ಚೀಟಿ.

ನಾಳೆ ಆ ಲಾಗಿನ್‌ನಿಂದ ಯಾರಾದರೂ ಅಂಕ ತಿದ್ದಿದ್ದರೆ? ದಾಖಲೆಯಲ್ಲಿ ಕಾಣುವುದು ಟೀಚರ್ ಹೆಸರು. ಅವರ ಕೆಲಸ ಹೋಗುತ್ತಿತ್ತು. ಅವನು ತಿದ್ದಿಲ್ಲ ಅಂತ ಈಗ ಗೊತ್ತಾಗಿದೆ. ಗೊತ್ತಾಗುವ ತನಕ ಆ ಟೀಚರ್ ಹೇಗೆ ಇದ್ದಿರಬಹುದು ಯೋಚಿಸಿ.

ಮಕ್ಕಳ ಆಟ ಅಂತ ಬಿಡುವ ವಿಷಯ ಇದಲ್ಲ. ಬ್ರಿಟನ್ನಿನ ಮಾಹಿತಿ ರಕ್ಷಣೆಯ ಕಚೇರಿ ಐಸಿಒ 2025ರಲ್ಲಿ ಒಂದು ಲೆಕ್ಕ ಕೊಟ್ಟಿತು. ಶಿಕ್ಷಣ ಸಂಸ್ಥೆಗಳ ಒಳಗಿನವರಿಂದಲೇ ಮಾಹಿತಿ ಸೋರಿದ 215 ಪ್ರಕರಣಗಳನ್ನು ನೋಡಿದ್ದಾರೆ. ಅದರಲ್ಲಿ ಶೇ. 57 ವಿದ್ಯಾರ್ಥಿಗಳದ್ದೇ ಕೆಲಸ. ಬಹಳಷ್ಟು ಕಡೆ ದೊಡ್ಡ ವಿದ್ಯೆ ಏನೂ ಬೇಕಾಗಿಲ್ಲ. ಊಹಿಸಿದ ಪಾಸ್‌ವರ್ಡ್, ಕಾಗದದಲ್ಲಿ ಬರೆದಿಟ್ಟ ಪಾಸ್‌ವರ್ಡ್.

ಹಿಂಜವಾಡಿ ಸಿಸ್ಟಮ್ ಅಡ್ಮಿನ್ · ಶನಿವಾರ ಬೆಳಿಗ್ಗೆ 11:20

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಹಂಚಿಕೊಂಡ ಲಾಗಿನ್ ಅಂದರೆ ಯಾರು ಮಾಡಿದರು ಅಂತ ಹೇಳಲಾಗದ ಲಾಗಿನ್. ಕಂಪನಿಯಲ್ಲಿ ಇದನ್ನು ಮೊದಲ ದಿನವೇ ನಿಲ್ಲಿಸುತ್ತೇವೆ. ಒಬ್ಬರಿಗೆ ಒಂದು ಲಾಗಿನ್. ಅಂಕ ತುಂಬುವವರಿಗೆ ಅಷ್ಟೇ ಹಕ್ಕು. ಹೊಸ ಫೋನಿನಿಂದ ಬಂದರೆ ಒಟಿಪಿ ಕೇಳಬೇಕು. ಒಟಿಪಿ ಒಂದಿದ್ದರೆ ಈ ಹುಡುಗ ಮನೆಯಲ್ಲಿ ಕೂತು ಒಳಗೆ ಹೋಗಲು ಆಗುತ್ತಲೇ ಇರಲಿಲ್ಲ.

ಇದೇ ಥರದ ಒಂದು ಪ್ರಕರಣ ಅಮೆರಿಕದಲ್ಲಿ ಆಗಿದೆ. ಪೆನ್ಸಿಲ್ವೇನಿಯಾ ರಾಜ್ಯದ ಕಟ್ಸ್‌ಟೌನ್ ಅನ್ನುವ ಊರು. ಅಲ್ಲಿನ ಹೈಸ್ಕೂಲು ಸುಮಾರು 600 ಮಕ್ಕಳಿಗೆ ಆಪಲ್ ಲ್ಯಾಪ್‌ಟಾಪ್ ಕೊಟ್ಟಿತ್ತು. ಅಡ್ಮಿನ್ ಪಾಸ್‌ವರ್ಡ್ ಆ ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿತ್ತು. ಮಕ್ಕಳು ಅದನ್ನು ಹಾಕಿ, ಶಾಲೆ ಬೇಡ ಅಂದಿದ್ದ ಚಾಟ್ ಪ್ರೋಗ್ರಾಂ ಹಾಕಿಕೊಂಡರು. ಮಕ್ಕಳ ಸ್ಕ್ರೀನ್ ನೋಡಲು ಶಾಲೆ ಇಟ್ಟಿದ್ದ ಸಾಫ್ಟ್‌ವೇರನ್ನು ಕೆಲವರು ತಿರುಗಿಸಿ ಶಾಲೆಯವರ ಸ್ಕ್ರೀನನ್ನೇ ನೋಡಿದರು. 2005ರಲ್ಲಿ 13 ಮಕ್ಕಳ ಮೇಲೆ ಅಲ್ಲಿನ ಗಂಭೀರ ಅಪರಾಧದ ಕೇಸು ಬಿತ್ತು. ಊರೆಲ್ಲ ಗಲಾಟೆ ಆಯಿತು. ಕೊನೆಗೆ ಕ್ಷಮಾಪಣೆ ಪತ್ರ, ಕೆಲವು ಗಂಟೆ ಸಮಾಜ ಸೇವೆ ಅಂತ ಒಪ್ಪಂದ ಮಾಡಿ ಆರೋಪ ಕೈಬಿಟ್ಟರು.

ಆದರೆ ಆ ಶಾಲೆ ನೇರವಾಗಿ ಪೊಲೀಸರ ಹತ್ತಿರ ಹೋಗಿರಲಿಲ್ಲ. ಮೊದಲು ಶಾಲೆ ಬಿಟ್ಟ ಮೇಲೆ ಕೂರಿಸಿದರು, ಸಸ್ಪೆಂಡ್ ಮಾಡಿದರು, ಮನೆಯವರಿಗೆ ಹೇಳಿದರು. ಮಕ್ಕಳು ಮತ್ತೆ ಮತ್ತೆ ಮಾಡಿದರು ಅಂತ ಶಾಲೆಯ ವಾದ ಇತ್ತು. ನಿಮ್ಮ ಮಗನ ವಿಷಯದಲ್ಲಿ ಮೊದಲ ಮೆಟ್ಟಿಲೇ ಪೊಲೀಸ್, ಎರಡನೆಯದು ಟಿಸಿ. ನಡುವೆ ಏನೂ ಇಲ್ಲ. ನನಗೆ ಬೇಸರ ಆದದ್ದು ಅದಕ್ಕೆ.

ಪುಣೆಯವರಿಗೆ 2018ರ ಆಗಸ್ಟ್ ನೆನಪಿರಬಹುದು. ಇಲ್ಲಿನ ಕಾಸ್ಮಾಸ್ ಬ್ಯಾಂಕಿನ ವ್ಯವಸ್ಥೆಯೊಳಗೆ ನುಗ್ಗಿ ಸುಮಾರು 94 ಕೋಟಿ ರೂಪಾಯಿ ಎತ್ತಿದರು. 28 ದೇಶಗಳ ಎಟಿಎಂಗಳಿಂದ ಹಣ ತೆಗೆದರು. ಅದಕ್ಕೂ ಹಳದಿ ಚೀಟಿಗೂ ಒಂದೇ ಪದ ಬಳಸಿದರೆ ಮಕ್ಕಳಿಗೆ ಯಾವುದು ಎಷ್ಟು ದೊಡ್ಡದು ಅಂತ ಗೊತ್ತಾಗುವುದು ಹೇಗೆ?

ಕುರ್ಲಾ ಹೋಟೆಲಿನವ · ಶನಿವಾರ ಮಧ್ಯಾಹ್ನ 3:45

ಪಾಸ್‌ವರ್ಡ್ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿದವರದ್ದೇ ತಪ್ಪು ಅಂತ ನನಗನ್ನಿಸುತ್ತದೆ. ಹುಡುಗ ಬೀಗ ಒಡೆದಿಲ್ಲವಲ್ಲ.

ಶಿವಾಜಿನಗರ ವಕೀಲ · ಶನಿವಾರ ಸಂಜೆ 4:30

ಅಣ್ಣಾ, ಇಲ್ಲಿ ನಾನು ಒಪ್ಪುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಗಿರಗಾಂವ್ ಕಡೆಯ ಒಂದು ಚಾಳಿನಲ್ಲಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಯಾರ ಮನೆಯ ಬಾಗಿಲೂ ಹಾಕುತ್ತಿರಲಿಲ್ಲ. ನಾವು ಮಕ್ಕಳು ಯಾರ ಮನೆಗೆ ಬೇಕಾದರೂ ನುಗ್ಗಿ ನೀರು ಕುಡಿದು ಬರುತ್ತಿದ್ದೆವು. ಆದರೆ ಯಾರ ಮನೆಯ ಕಪಾಟನ್ನೂ ಮುಟ್ಟುತ್ತಿರಲಿಲ್ಲ. ಕಪಾಟಿಗೆ ಬೀಗ ಇರಲಿಲ್ಲ, ಕೀಲಿ ಅದರಲ್ಲೇ ತೂಗುತ್ತಿತ್ತು. ಮುಟ್ಟಬಾರದು ಅಂತ ನಮಗೆ ಮನೆಯಲ್ಲಿ ಹೇಳಿಕೊಟ್ಟಿದ್ದರು.

ಕಾನೂನು ಕೇಳುವುದೂ ಅದನ್ನೇ. 43ನೇ ಕಲಮಿನಲ್ಲಿ ಬೀಗದ ಮಾತಿಲ್ಲ, ಅನುಮತಿಯ ಮಾತಿದೆ. ಬ್ರಿಟನ್ನಿನಲ್ಲಿ ಇದು ಇನ್ನೂ ಬಿಗಿ. ಅಲ್ಲಿನ 1990ರ ಕಾಯ್ದೆಯಲ್ಲಿ ಅನುಮತಿ ಇಲ್ಲ ಅಂತ ಗೊತ್ತಿದ್ದೂ ಒಳಗೆ ಹೋಗಲು ನೋಡಿದರೆ ಅದೇ ಅಪರಾಧ. ಲಾಭ ಬೇಕಿತ್ತಾ ಇಲ್ಲವಾ ಅಂತ ಕೇಳುವುದಿಲ್ಲ. ನಮ್ಮಲ್ಲಿ ಜೈಲಿನ ಮಾತಿಗೆ ಕೆಟ್ಟ ಉದ್ದೇಶವೂ ಬೇಕು.

ಆದರೆ ಕಪಾಟು ಮುಟ್ಟಬಾರದು ಅಂತ ನಮಗೆ ಹೇಳಿಕೊಟ್ಟಿದ್ದರು. ಈ ಮಗುವಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಮೇಡಂ, ಶಾಲೆಯ ಡೈರಿಯಲ್ಲಿ ಕಂಪ್ಯೂಟರ್ ನಿಯಮ ಏನಾದರೂ ಇದೆಯಾ ನೋಡಿ ಹೇಳಿ.

ಸೆಂಟ್ರಲ್ ಲೈನ್ ಅಮ್ಮ · ಶನಿವಾರ ಸಂಜೆ 5:10

ನೋಡಿದೆ. ಡೈರಿಯ 11ನೇ ಪುಟದಲ್ಲಿ ಇದೆ. ಲ್ಯಾಬ್ ಹೊರಗೆ ಶೂ ಬಿಡಬೇಕು. ನೀರಿನ ಬಾಟಲಿ ತರಬಾರದು. ಪೆನ್‌ಡ್ರೈವ್ ಹಾಕಬಾರದು. ಕುರ್ಚಿ ಸರಿಯಾಗಿ ಇಟ್ಟು ಹೋಗಬೇಕು. ಅಷ್ಟೇ. ಪಾಸ್‌ವರ್ಡ್ ಅನ್ನುವ ಪದವೇ ಇಲ್ಲ. ಆ್ಯಪಿನ ಬಗ್ಗೆಯೂ ಒಂದು ಸಾಲಿಲ್ಲ.

ಪಿಂಪ್ರಿ ಅಪ್ಪ · ಶನಿವಾರ ರಾತ್ರಿ 9:15

ಇಷ್ಟು ಹೊತ್ತು ಓದಿದೆ. ಬರೆಯುವುದೋ ಬೇಡವೋ ಅಂತ ಯೋಚಿಸುತ್ತಿದ್ದೆ.

ಎರಡು ವರ್ಷದ ಹಿಂದೆ ನನ್ನ ಮಗಳ ಶಾಲೆಯಲ್ಲೂ ಹೀಗೇ ಆಯಿತು. ಯಾವನೋ ಹುಡುಗ ಅಂಕಪಟ್ಟಿಯ ಫೋಟೋ ಗ್ರೂಪಿಗೆ ಹಾಕಿದ. ನನ್ನ ಮಗಳಿಗೆ ಗಣಿತದಲ್ಲಿ 20ಕ್ಕೆ 3 ಬಂದಿತ್ತು. ಆ ತಿಂಗಳು ನಮ್ಮ ತಾಯಿ ತೀರಿಕೊಂಡಿದ್ದರು, ಊರಿಗೆ ಹೋಗಿ ಬಂದಿದ್ದೆವು. ಅದು ಯಾರಿಗೆ ಗೊತ್ತು? ಮರುದಿನದಿಂದ ಅವಳನ್ನು ಮೂರು ಅಂತಲೇ ಕರೆದರು. ಮರಾಠಿಯಲ್ಲಿ ತೀನ್, ತೀನ್ ಅಂತ. ಒಂದು ವಾರ ಶಾಲೆಗೆ ಹೋಗಲಿಲ್ಲ. ಗಣಿತದ ಪುಸ್ತಕ ತೆರೆದರೆ ಈಗಲೂ ಕೈ ಬೆವರುತ್ತದೆ.

ಆ ಹುಡುಗನೂ ಒಂದು ಅಂಕ ತಿದ್ದಿರಲಿಲ್ಲ. ಅವನ ಮೇಲೆ ಪೊಲೀಸ್ ಕೇಸು ಆಗಲಿ ಅಂತ ನಾನು ಆಗಲೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಇಲ್ಲಿ ಇಷ್ಟು ಜನ ಬರೆದಿದ್ದೀರಿ. ಒಳಗೆ ಹೇಗೆ ಹೋದ, ಕಲಮು ಯಾವುದು, ಚೀಟಿ ಯಾರದ್ದು. ಆ ಪಟ್ಟಿಯಲ್ಲಿದ್ದ ಉಳಿದ ಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲ.

ಸೆಂಟ್ರಲ್ ಲೈನ್ ಅಮ್ಮ · ಶನಿವಾರ ರಾತ್ರಿ 11:50

ಅಣ್ಣಾ, ಎರಡು ಗಂಟೆಯಿಂದ ಇದನ್ನೇ ಓದುತ್ತಾ ಕೂತಿದ್ದೇನೆ. ನಾನೂ ಕೇಳಿರಲಿಲ್ಲ. ಒಂದು ಅಂಕವನ್ನೂ ತಿದ್ದಿಲ್ಲ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ಮಗಳಿಗೆ ನನ್ನ ಕಡೆಯಿಂದ ಏನು ಹೇಳಬೇಕು ಅಂತ ತಿಳಿಯುತ್ತಿಲ್ಲ.

ಮಗ ಮಲಗಿದ್ದಾನೆ. ಬೆಳಿಗ್ಗೆ ಇದನ್ನು ಓದಿಸುತ್ತೇನೆ.

ಶಿವಾಜಿನಗರ ವಕೀಲ · ಭಾನುವಾರ ಬೆಳಿಗ್ಗೆ 8:00

ಪಿಂಪ್ರಿಯ ಅಣ್ಣ ಹೇಳಿದ್ದು ನನ್ನ ತಪ್ಪನ್ನೂ ತೋರಿಸಿತು. ಅಂಕವೂ ಆ ಮಗುವಿನ ಸ್ವಂತ ಮಾಹಿತಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಅದರಲ್ಲಿ ಮಾಹಿತಿ ಇಟ್ಟುಕೊಂಡವರೇ ಅದನ್ನು ಕಾಯಬೇಕು. 18 ವರ್ಷದೊಳಗಿನವರ ಮಾಹಿತಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಂದರೆ ಚೀಟಿಯ ಹೊಣೆ ಶಾಲೆಯದ್ದು. ಸ್ಕ್ರೀನ್‌ಶಾಟ್ ಹಂಚಿದ ಹೊಣೆ ಹುಡುಗನದ್ದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ವಾಸ್ಕೋ ಧಾರವಾಡದವ · ಭಾನುವಾರ ಬೆಳಿಗ್ಗೆ 10:20

ನಾನು ಗೋವಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಡುವೆ ಒಂದು ಪ್ರಶ್ನೆ ರೀ. ನಮ್ಮ ಹಾಸ್ಟೆಲ್ ವೈಫೈಯಲ್ಲಿ ಯೂಟ್ಯೂಬ್, ಗೇಮ್ ಎಲ್ಲ ಬಂದ್. ಎಲ್ಲರೂ ವಿಪಿಎನ್ ಹಾಕಿ ನೋಡುತ್ತೇವೆ. ಇದೂ 43ರಲ್ಲಿ ಬರುತ್ತದಾ? ಇಲ್ಲಿ ಓದಿದ ಮೇಲೆ ಹೆದರಿಕೆ ಆಯಿತು.

ಹಿಂಜವಾಡಿ ಸಿಸ್ಟಮ್ ಅಡ್ಮಿನ್ · ಭಾನುವಾರ ಬೆಳಿಗ್ಗೆ 11:00

ತಮ್ಮಾ, ನಿನಗೆ ಕಾಲೇಜೇ ವೈಫೈ ಲಾಗಿನ್ ಕೊಟ್ಟಿದೆ. ಅದರಲ್ಲಿ ಬೇಡ ಅಂದದ್ದನ್ನು ನೋಡುವುದು ನಿಯಮ ಮುರಿದ ಹಾಗೆ. ಇನ್ನೊಬ್ಬರ ಲಾಗಿನ್ ಹಾಕುವುದು ಬೇರೆಯೇ. ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ವ್ಯಾನ್ ಬ್ಯೂರೆನ್ ಪ್ರಕರಣದಲ್ಲಿ ಇದನ್ನೇ ನೋಡಿತು. ಒಬ್ಬ ಪೊಲೀಸ್ ತನ್ನದೇ ಲಾಗಿನ್ ಹಾಕಿ, ದುಡ್ಡು ತೆಗೆದುಕೊಂಡು ಒಂದು ಗಾಡಿಯ ನಂಬರ್ ಹುಡುಕಿಕೊಟ್ಟಿದ್ದ. ಆ ಮಾಹಿತಿ ನೋಡುವ ಹಕ್ಕು ಅವನಿಗೆ ಇತ್ತು, ಬಳಸಿದ ಕಾರಣ ಮಾತ್ರ ತಪ್ಪು, ಹಾಗಾಗಿ ಅಲ್ಲಿನ ಕಂಪ್ಯೂಟರ್ ಅಪರಾಧದ ಕಾಯ್ದೆಯಲ್ಲಿ ಇದು ಬರುವುದಿಲ್ಲ ಅಂತ 6 ಜನ ನ್ಯಾಯಾಧೀಶರು ಹೇಳಿದರು. 3 ಜನ ಒಪ್ಪಲಿಲ್ಲ.

ಶಿವಾಜಿನಗರ ವಕೀಲ · ಭಾನುವಾರ ಬೆಳಿಗ್ಗೆ 11:25

ಅದು ಅಲ್ಲಿನ ಕಾನೂನು, ನಮ್ಮ ಕಾಯ್ದೆಯ ಮಾತುಗಳು ಬೇರೆ. ಆದರೆ ನಿಯಮ ಮುರಿಯುವುದು ಬೇರೆ, ಕಾನೂನು ಮುರಿಯುವುದು ಬೇರೆ ಅನ್ನುವುದು ಇಲ್ಲಿಗೂ ಸರಿ. ಬರೀ ವಿಪಿಎನ್ ಬಳಸುವುದು ನಮ್ಮಲ್ಲಿ ಅಪರಾಧ ಅಲ್ಲ. ಹಾಸ್ಟೆಲ್ ದಂಡ ಹಾಕಬಹುದು, ವೈಫೈ ನಿಲ್ಲಿಸಬಹುದು.

ಮೇಡಂ, ಟಿಸಿ ವಿಷಯ ಈಗ ಬರೆಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 16ನೇ ಕಲಮು ಇದೆ. 8ನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 17ನೇ ಕಲಮಿನಲ್ಲಿ ಹೊಡೆಯುವುದರ ಜೊತೆಗೆ ಮಾನಸಿಕ ಹಿಂಸೆಗೂ ತಡೆ ಇದೆ. ನಿಮ್ಮ ಮಗ 8ರಲ್ಲೇ ಇದ್ದಾನೆ. ನೀವಾಗಿಯೇ ಟಿಸಿ ಕೇಳಿದಿರಿ ಅಂತ ಆಗಲಿ ಅಂತಲೇ ಅವರು ಸಹಿ ಕೇಳಿರಬಹುದು. ಕೊಡಬೇಡಿ.

ಆದರೆ ಇದರಲ್ಲಿ ಒಂದು ತೊಡಕು ಇದೆ. ಮುಂಬೈ, ಪುಣೆಯ ನಮ್ಮವರು ಇದನ್ನು ತಿಳಿದಿರಬೇಕು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಭಾಷಾ ಅಲ್ಪಸಂಖ್ಯಾತರೂ ಅದರಲ್ಲಿ ಸೇರುತ್ತಾರೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಹಾಗಾಗಿ ಶಾಲೆ ನಮ್ಮವರದೇ ಆಗಿದ್ದು, ಆ ಸ್ಥಾನಮಾನ ಪಡೆದಿದ್ದರೆ 16, 17 ಅಂತ ಮೇಜು ಕುಟ್ಟಲು ಆಗುವುದಿಲ್ಲ. ಮೊದಲು ಶಾಲೆಗೆ ಆ ಸ್ಥಾನಮಾನ ಇದೆಯಾ ವಿಚಾರಿಸಿ.

ಸೆಂಟ್ರಲ್ ಲೈನ್ ಅಮ್ಮ · ಭಾನುವಾರ ಮಧ್ಯಾಹ್ನ 1:30

ಇದೆ ಸರ್. ಗೇಟಿನ ಬೋರ್ಡಿನಲ್ಲೇ ಬರೆದಿದೆ. ನಮ್ಮವರದ್ದೇ ಶಾಲೆ ಅಂತ ಇಲ್ಲಿಗೆ ಸೇರಿಸಿದ್ದೆವು.

ಶಿವಾಜಿನಗರ ವಕೀಲ · ಭಾನುವಾರ ಮಧ್ಯಾಹ್ನ 1:50

ಹಾಗಾದರೆ ಕಲಮು ಹಿಡಿದು ಹೋಗುವುದಕ್ಕಿಂತ ಮಾತಾಡಲು ಹೋಗುವುದು ಒಳ್ಳೆಯದು. ಅವರ ಪತ್ರದಲ್ಲಿ ರದ್ದಾದ 66ಎ ಇದೆ ಅನ್ನುವುದನ್ನು ಶಾಂತವಾಗಿ ತೋರಿಸಿ. ಡೈರಿಯ 11ನೇ ಪುಟ ತೋರಿಸಿ. ಮಗನ ತಪ್ಪನ್ನು ನೀವೇ ಮೊದಲು ಹೇಳಿ. ಆಡಳಿತ ಮಂಡಳಿಯಲ್ಲಿ ಒಬ್ಬರಾದರೂ ತಿಳಿದವರು ಇದ್ದೇ ಇರುತ್ತಾರೆ.

ಠಾಣೆ ಲ್ಯಾಬ್ ಟೀಚರ್ · ಭಾನುವಾರ ಸಂಜೆ 6:15

ಹೋಗುವ ಮೊದಲು ಆ ಟೀಚರ್ ಹತ್ತಿರ ಒಮ್ಮೆ ಮಾತಾಡಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಬೇಡ, ಹೊರಗೆ ಸಿಗಿ. ಈ ಗಲಾಟೆಯಲ್ಲಿ ಅವರ ಮೇಲೂ ಮೆಮೋ ಬಂದಿರುತ್ತದೆ. ಅವರು ಬಾಯಿ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಸೆಂಟ್ರಲ್ ಲೈನ್ ಅಮ್ಮ · ಮಂಗಳವಾರ ರಾತ್ರಿ 9:40

ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು. ಇವತ್ತು ಮಧ್ಯಾಹ್ನ ಹೋಗಿ ಬಂದೆವು.

ಭಾನುವಾರ ಬೆಳಿಗ್ಗೆ ಮಗನಿಗೆ ಪಿಂಪ್ರಿ ಅಣ್ಣ ಬರೆದದ್ದನ್ನು ಓದಲು ಕೊಟ್ಟೆ. ಓದಿ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ಕ್ಲಾಸಿನ ಒಬ್ಬ ಹುಡುಗನ ಹೆಸರು ಹೇಳಿದ. ಅವನಿಗೆ ಎಲ್ಲಕ್ಕಿಂತ ಕಡಿಮೆ ಅಂಕ ಇತ್ತಂತೆ, ಗ್ರೂಪಿನಲ್ಲಿ ನಗಾಡಿದ್ದರಂತೆ. ಸಂಜೆ ಅವರ ಮನೆಗೆ ಹೋಗೋಣ್ವಾ ಅಮ್ಮ ಅಂದ. ಹೋದೆವು. ಆ ತಾಯಿ ನಮ್ಮನ್ನು ಒಳಗೆ ಕರೆದರು, ಚಹಾ ಕೊಟ್ಟರು. ಹುಡುಗ ಮಾತ್ರ ಮಗನ ಹತ್ತಿರ ಮಾತಾಡಲಿಲ್ಲ. ಮಗ ಸಾರಿ ಹೇಳಿದ. ಅವನು ತಲೆ ಎತ್ತಲಿಲ್ಲ. ಇವತ್ತಿಗೂ ಮಾತಾಡಿಲ್ಲ.

ಸೋಮವಾರ ಟೀಚರ್ ಸ್ಟೇಷನ್ ಹತ್ತಿರ ಸಿಕ್ಕಿದರು. ಅವರಿಗೂ ಮೆಮೋ ಬಂದಿದೆ. ಆ ಲಾಗಿನ್ ಮೂರು ಜನರದ್ದಂತೆ. ಮಗನ ಮೇಲೆ ಸಿಟ್ಟಿದೆ, ಆದರೆ ಪೊಲೀಸ್ ಬೇಡ ಅಂತ ಅವರೇ ಶಾಲೆಯ ಆಡಳಿತ ಮಂಡಳಿಗೆ ಬರೆದುಕೊಟ್ಟರು.

ಇವತ್ತಿನ ಮೀಟಿಂಗಿನಲ್ಲಿ 66ಎ ವಿಷಯ ಹೇಳಿದಾಗ ಪ್ರಿನ್ಸಿಪಾಲರಿಗೆ ಗೊತ್ತೇ ಇರಲಿಲ್ಲ. ಯಾವುದೋ ಹಳೆಯ ಸುತ್ತೋಲೆಯಿಂದ ಇಳಿಸಿಕೊಂಡಿದ್ದರು. ಪತ್ರ ವಾಪಸ್ ತೆಗೆದುಕೊಂಡರು. ಟಿಸಿ ಇಲ್ಲ. ಈ ವರ್ಷ ಪೂರ್ತಿ ಲ್ಯಾಬ್‌ನಲ್ಲಿ ಟೀಚರ್ ಪಕ್ಕದ ಕಂಪ್ಯೂಟರಿನಲ್ಲೇ ಕೂರಬೇಕು. ಪಟ್ಟಿಯಲ್ಲಿದ್ದ ಎಲ್ಲ ಮಕ್ಕಳಿಗೂ ಕ್ಲಾಸಿನಲ್ಲಿ ನಿಂತು ಕ್ಷಮೆ ಕೇಳಬೇಕು ಅಂದರು. ಎಲ್ಲರ ಮುಂದೆ ನಿಲ್ಲಿಸಬೇಡಿ, ಒಬ್ಬೊಬ್ಬರಿಗೂ ಬರೆದು ಕೊಡಲಿ ಅಂತ ನಾನು ಕೇಳಿಕೊಂಡೆ. ಒಪ್ಪಿದರು.

ಮತ್ತೆ, ಕಂಪ್ಯೂಟರ್ ನಿಯಮ ಹೊಸದಾಗಿ ಬರೆಯಲು ಪಾಲಕರಿಂದ ಇಬ್ಬರು ಬೇಕು ಅಂದರು. ನಾನು ಕೈ ಎತ್ತಿದೆ. ಈಗ ನೀವೇ ಸಹಾಯ ಮಾಡಬೇಕು.

ಠಾಣೆ ಲ್ಯಾಬ್ ಟೀಚರ್ · ಮಂಗಳವಾರ ರಾತ್ರಿ 10:10

ತುಂಬಾ ಸಂತೋಷ ಆಯಿತು. ನಿಯಮ ಬರೆಯುವಾಗ ಮಕ್ಕಳಿಗೆ ಅರ್ಥವಾಗುವ ಪದ ಹಾಕಿ. ಅನಧಿಕೃತ ಬಳಕೆ ನಿಷೇಧ ಅಂತ ಬರೆದರೆ 5ನೇ ಕ್ಲಾಸಿನ ಮಗುವಿಗೆ ಏನೂ ತಿಳಿಯುವುದಿಲ್ಲ. ನಿನಗೆ ಕೊಟ್ಟ ಲಾಗಿನ್ ಬಿಟ್ಟು ಬೇರೆ ಯಾರದ್ದನ್ನೂ ಹಾಕಬೇಡ, ಅವರೇ ಹೇಳಿದರೂ ಹಾಕಬೇಡ ಅಂತ ಬರೆಯಿರಿ. ಬೇರೆಯವರ ಅಂಕ, ಫೋಟೋ, ನಂಬರ್ ಕಂಡರೆ ಫೋಟೋ ತೆಗೆಯಬೇಡ, ಯಾರಿಗೂ ಕಳಿಸಬೇಡ ಅಂತಲೂ ಇರಲಿ. ಟೀಚರ್‌ಗಳಿಗೂ ಒಂದು ಸಾಲು ಬೇಕು: ಪಾಸ್‌ವರ್ಡ್ ಎಲ್ಲೂ ಬರೆದು ಅಂಟಿಸುವ ಹಾಗಿಲ್ಲ.

ಹಿಂಜವಾಡಿ ಸಿಸ್ಟಮ್ ಅಡ್ಮಿನ್ · ಮಂಗಳವಾರ ರಾತ್ರಿ 10:30

ಶಿಕ್ಷೆಯ ಮೆಟ್ಟಿಲೂ ಬರೆಯಿರಿ. ಮೊದಲ ಸಲ ಏನು, ಎರಡನೇ ಸಲ ಏನು. ನೋಡಿದರೆ ಏನು, ಹಂಚಿದರೆ ಏನು, ತಿದ್ದಿದರೆ ಏನು. ಪೊಲೀಸರ ಹತ್ತಿರ ಯಾವಾಗ ಹೋಗುತ್ತೀರಿ ಅನ್ನುವುದೂ ಇರಲಿ. ಮಗುವಿನ ಖಾಸಗಿ ಫೋಟೋ, ಹಣ, ಬೆದರಿಕೆ ಇದ್ದರೆ ಶಾಲೆ ಮುಚ್ಚಿಡಬಾರದು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಸಾಲು ದಯವಿಟ್ಟು ಸೇರಿಸಿ. ಪಾಸ್‌ವರ್ಡ್ ಕಣ್ಣಿಗೆ ಬಿದ್ದರೆ, ತೆರೆಯಬಾರದ್ದು ತೆರೆದುಕೊಂಡರೆ, ಯಾರಿಗೆ ಹೇಳಬೇಕು? ಹೇಳಿದ ಮಗುವಿಗೆ ಬೈಗುಳ, ಶಿಕ್ಷೆ ಇಲ್ಲ ಅಂತ ಸ್ಪಷ್ಟವಾಗಿ ಇರಬೇಕು. ದೇಶದ ಮಟ್ಟದಲ್ಲಿ ಸರ್ಟ್-ಇನ್ ಅನ್ನುವ ಸಂಸ್ಥೆ ಸಾಫ್ಟ್‌ವೇರಿನ ದೋಷ ಕಂಡವರಿಂದ ವರದಿ ತೆಗೆದುಕೊಳ್ಳುತ್ತದೆ. ಶಾಲೆಯಲ್ಲೂ ಅಂಥ ಒಬ್ಬರು ಬೇಕು. ನಿಮ್ಮ ಮಗ ಚೀಟಿ ನೋಡಿದ ದಿನ ಅಂಥವರೊಬ್ಬರು ಇದ್ದಿದ್ದರೆ ಅವರ ಹತ್ತಿರ ಹೋಗುತ್ತಿದ್ದನೋ ಏನೋ.

ಪಿಂಪ್ರಿ ಅಪ್ಪ · ಮಂಗಳವಾರ ರಾತ್ರಿ 10:55

ಅಂಕ ಹಂಚಿಕೆಯಾದ ಮಕ್ಕಳಿಗೆ ಶಾಲೆ ಏನು ಮಾಡುತ್ತದೆ ಅನ್ನುವುದಕ್ಕೂ ಒಂದು ಸಾಲು ಬೇಕು. ಆ ದಿನವೇ ಅವರ ಮನೆಗೆ ಫೋನ್ ಹೋಗಬೇಕು. ನಮಗೆ ಯಾರೂ ಮಾಡಲಿಲ್ಲ.

ಅಕ್ಕಾ, ಮಗಳಿಗೆ ನಿಮ್ಮ ಮಗ ಆ ಹುಡುಗನ ಮನೆಗೆ ಹೋದದ್ದನ್ನು ಹೇಳಿದೆ. ಏನೂ ಅನ್ನಲಿಲ್ಲ. ಆಮೇಲೆ, ಆ ಹುಡುಗ ಮಾತಾಡಿದನಾ ಅಂತ ಎರಡು ಸಲ ಕೇಳಿದಳು.

ಸೆಂಟ್ರಲ್ ಲೈನ್ ಅಮ್ಮ · ಮಂಗಳವಾರ ರಾತ್ರಿ 11:20

ಮಾತಾಡಿದ ದಿನ ಇಲ್ಲೇ ಬರೆಯುತ್ತೇನೆ, ಅವಳಿಗೆ ಹೇಳಿ.

ಎಲ್ಲರ ಸಾಲುಗಳನ್ನೂ ಬರೆದುಕೊಂಡೆ. ಕಂಡರೆ ಯಾರಿಗೆ ಹೇಳಬೇಕು ಅನ್ನುವುದನ್ನು ಕೊನೆಗೆ ಹಾಕಿದ್ದೆ. ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ, ಅದನ್ನು ಎಲ್ಲಕ್ಕಿಂತ ಮೇಲೆ ಹಾಕು ಅಂದ. ಮೇಲೆ ಹಾಕಿದ್ದೇನೆ. ಶುಕ್ರವಾರದೊಳಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಕೊಡಬೇಕು. ಕನ್ನಡ ಆಯಿತು. ನನ್ನ ಮರಾಠಿ ಬಾಜಾರಿನ ಮರಾಠಿ, ಬರೆಯಲು ಸಾಲದು.

ಠಾಣೆ ಲ್ಯಾಬ್ ಟೀಚರ್ · ಮಂಗಳವಾರ ರಾತ್ರಿ 11:30

ಮರಾಠಿ ನಾನು ಮಾಡಿಕೊಡುತ್ತೇನೆ. ರಾತ್ರಿಯೇ ಕಳಿಸಿ, ಬೆಳಿಗ್ಗೆ ಟ್ರೇನಿನಲ್ಲಿ ಕೂತು ಬರೆಯುತ್ತೇನೆ.